ಸರ್‌ನೇಮ್ ಇಲ್ಲದವರ ಪಟ್ಟಿ

ಸಿಡ್ನಿಯ ಪ್ಯಾರಮಟ್ಟಾದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಲಿಫ್ಟಿನ ಪಕ್ಕ, ಅಂಚೆಪೆಟ್ಟಿಗೆಗಳ ಸಾಲೊಂದಿದೆ. ಅದರ ನೆತ್ತಿಯ ಮೇಲೆ ಯಾವಾಗಲೂ ಒಂದು ರಾಶಿ ಕಾಗದ ಬಿದ್ದಿರುತ್ತಿತ್ತು. ಮನೆ ಬಿಟ್ಟು ಹೋದವರದು, ನಂಬರು ತಪ್ಪಿದ್ದು, ಮಳೆಗೆ ನೆನೆದು ವಿಳಾಸ ಕಲಸಿಹೋದದ್ದು. ನಾವೆಲ್ಲ ಅದನ್ನು ಕಂಡೂ ಕಾಣದವರಂತೆ ನಮ್ಮ ನಮ್ಮ ಪೆಟ್ಟಿಗೆಯ ಬೀಗ ತೆಗೆದು ಹೊರಟುಬಿಡುತ್ತಿದ್ದೆವು. ಒಂದು ಶನಿವಾರ ಬೆಳಿಗ್ಗೆ ನಾನು ಇಳಿದು ಬಂದಾಗ, ವಾಯಲ್ ಸೀರೆಯ ಮೇಲೆ ಅಳಿಯನ ಹಳೆಯ ಜಾಕೆಟ್ ತೊಟ್ಟ ಒಬ್ಬರು ಆ ರಾಶಿಯನ್ನು ಎದೆಗವಚಿಕೊಂಡು ಒಂದೊಂದೇ ಕಾಗದವನ್ನು ಪೆಟ್ಟಿಗೆಗಳ ಸೀಳಿಗೆ ತೂರಿಸುತ್ತಿದ್ದರು.

"ಇದು ಒಂದೋ ಏಳೋ, ನಿಂಗೇನನ್ಸತ್ತಪ್ಪ?" ಎಂದು ನನ್ನ ಮುಂದೆ ಒಂದು ಲಕೋಟೆ ಹಿಡಿದರು.

ನಾನು ಒಂದು ಎಂದೆ.

"ಏಳು," ಎಂದರು. "ಬರೆದೋನು ಅವಸರದಲ್ಲಿದ್ದ. ಆದ್ರೂ ತಲೆ ಮೇಲೆ ಒಂದು ಚೂರು ಗೆರೆ ಎಳೆದಿದಾನೆ ನೋಡು. ಒಂದು ಬರೆಯೋಕೆ ಯಾರೂ ಅಷ್ಟು ಕಷ್ಟ ಪಡಲ್ಲ."

ನಾನು ಕನ್ನಡದವನೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಮೊನ್ನೆ ಲಿಫ್ಟಲ್ಲಿ ನಿಮ್ಮಮ್ಮನ ಹತ್ರ ಫೋನಲ್ಲಿ ಕೂಗಾಡ್ತಿದ್ಯಲ್ಲ" ಎಂದರು. ನನ್ನ ಮುಖ ಕೆಂಪೇರಿತು. ಅವರ ಮುಂದೆ ನನಗಾದ ಮೊದಲ ನಾಚಿಕೆ ಅದು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಅವರು ಹೋದ ತಿಂಗಳು ಮೆಲ್ಬರ್ನಿನಲ್ಲಿ ತೀರಿಕೊಂಡರು. ಹೆಸರು ಹೇಳುವುದಿಲ್ಲ. ಎಲ್ಲರಿಗೂ ಅವರು ಆಂಟಿ, ನನಗೂ ಆಂಟಿ. ಅವರ ಬಗ್ಗೆ ಬರೆಯುವುದೆಂದರೆ ನಾನು ಅವರಿಗೆ ಮಾಡಿದ ಒಂದು ಹೀನ ಕೆಲಸದ ಬಗ್ಗೆ ಬರೆಯುವುದು. ಅದನ್ನು ಬಿಟ್ಟು ಬರೀ ಗುಣಗಾನ ಮಾಡಿದರೆ ಅದು ಎರಡನೆಯ ಹೀನ ಕೆಲಸವಾದೀತು.

ಆಂಟಿ ಊರಿನಲ್ಲಿ ಅಂಚೆ ಇಲಾಖೆಯಲ್ಲಿದ್ದವರು. ಕೌಂಟರಿನಲ್ಲಿ ಸ್ಟಾಂಪು ಮಾರುವ ಕೆಲಸವಲ್ಲ. ವಿಳಾಸ ಓದಲಾಗದ, ಯಾರಿಗೂ ಮುಟ್ಟಿಸಲಾಗದ ಪತ್ರಗಳೆಲ್ಲ ಕೊನೆಗೆ ಬಂದು ಬೀಳುವ ಕಚೇರಿಯೊಂದಿತ್ತು, ಅಲ್ಲಿ ಮೂವತ್ತು ವರ್ಷ ಕೂತಿದ್ದವರು. ಅವರ ಕೆಲಸ ಆ ವಿಳಾಸಗಳನ್ನು ಓದುವುದು. ಓದಲು ಆಗಲೇ ಇಲ್ಲವೆಂದರೆ ಲಕೋಟೆ ಒಡೆದು, ಒಳಗೆ ಬರೆದವರ ವಿಳಾಸ ಸಿಗುತ್ತದೇನೋ ಹುಡುಕಿ, ಅವರಿಗೇ ವಾಪಸ್ ಕಳಿಸುವುದು. "ನೋಡಬೇಕು, ಓದಬಾರದು. ಅದು ನಮ್ಮ ರೂಲು" ಎನ್ನುತ್ತಿದ್ದರು. "ಕಣ್ಣು ಅರ್ಧ ಮುಚ್ಕೊಂಡು ವಿಳಾಸ ಮಾತ್ರ ಹುಡುಕ್ತಿದ್ದೆ. ಹೆಂಡ್ತಿ ಗಂಡನಿಗೆ ಬರೆದಿರೋದನ್ನ ನಾನ್ಯಾಕೆ ಓದ್ಲಿ?"

ಹಾಗೆಂದವರೇ ಒಮ್ಮೆ ನಕ್ಕು, "ಒಂದೊಂದ್ಸಲ ಕಣ್ಣು ತಾನಾಗೇ ತೆರ್ಕೊಳ್ತಿತ್ತು, ಸುಳ್ಳು ಯಾಕೆ ಹೇಳ್ಲಿ" ಎಂದೂ ಸೇರಿಸಿದ್ದರು.

ಓದಲಾಗದ ಅಕ್ಷರ ಎದುರಾದರೆ ಅವರದೊಂದು ಕ್ರಮವಿತ್ತು. ಮೊದಲು ಕಾಗದವನ್ನು ತಲೆಕೆಳಗು ಮಾಡಿ ನೋಡುವುದು. ಆಮೇಲೆ ತೋರುಬೆರಳಿನಿಂದ ಗಾಳಿಯಲ್ಲಿ ಆ ಅಕ್ಷರವನ್ನು ಬರೆದವರ ಹಾಗೆಯೇ ಬರೆಯುವುದು. ಅದೂ ಆಗದಿದ್ದರೆ ಎದ್ದು ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬರುವುದು. "ಬರೆದೋರು ಮನುಷ್ಯರು ತಾನೆ, ಓದೋಕಾಗಲ್ಲ ಅಂದ್ರೇನು?" ಎನ್ನುವುದು ಅವರ ಪಲ್ಲವಿ. ಬೆರಳು ಗಾಳಿಯಲ್ಲಿ ಆಡುವಾಗ ಅವರ ಮುಖವೂ ಬದಲಾಗುತ್ತಿತ್ತು. ಸಿಟ್ಟಿನಲ್ಲಿ ಬರೆದದ್ದಾದರೆ ಹುಬ್ಬು ಗಂಟು, ಸಂಕೋಚದಲ್ಲಿ ಬರೆದದ್ದಾದರೆ ಭುಜ ಕುಗ್ಗುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

ನಮ್ಮ ಕಟ್ಟಡದಲ್ಲಿ ಅವರು ಮಗಳು ಅಳಿಯನ ಜೊತೆಗಿದ್ದರು. ಮೊಮ್ಮಗಳ ಸ್ಕೂಲಿಗಾಗಿ ಮಗಳು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮನೆ ಕೊಂಡಳು. ಆಂಟಿಯೂ ಅಲ್ಲಿಗೆ ಹೋದರು. ನಮ್ಮ ಅಂಚೆಪೆಟ್ಟಿಗೆಗಳ ಮೇಲೆ ಮತ್ತೆ ರಾಶಿ ಬೆಳೆಯಿತು.

ನನ್ನ ಆಫೀಸು ನಾರ್ತ್ ಸಿಡ್ನಿಯಲ್ಲಿ. ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿಸಿ, ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವಂತೆ ಮಾಡಿಕೊಡುವ ಸಣ್ಣ ಕಂಪನಿ. ಆ ವರ್ಷ ಮೆಲ್ಬರ್ನಿನ ಒಂದು ಹಳೆಯ ಕುಟುಂಬದ ಪೆಟ್ಟಿಗೆ ನಮ್ಮಲ್ಲಿಗೆ ಬಂತು. ಅವರ ಪೂರ್ವಿಕರು ಅಮೆರಿಕದ ದಕ್ಷಿಣದ ಸೀಮೆಯಲ್ಲಿ, ಗುಲಾಮರನ್ನು ಇಟ್ಟುಕೊಂಡು ಹತ್ತಿಯ ತೋಟ ಮಾಡಿಸುತ್ತಿದ್ದ ಜಮೀನ್ದಾರರು. ಅಲ್ಲಿ ಯುದ್ಧವಾಗಿ ಗುಲಾಮಗಿರಿ ರದ್ದಾದ ಮೇಲೆ ಮನೆತನದ ಒಂದು ಕವಲು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂತಂತೆ, ಒಂದು ಟ್ರಂಕಿನ ತುಂಬ ಪತ್ರಗಳನ್ನು ಹೊತ್ತುಕೊಂಡು. ಅಕ್ಕ ತಂಗಿಗೆ ಬರೆದದ್ದು, ಮಗ ತಾಯಿಗೆ ಬರೆದದ್ದು, ಡೈರಿಗಳು, ಅಡುಗೆಯ ಚೀಟಿಗಳು. ಕುಟುಂಬದವರು ಎಲ್ಲಿಂದೆಲ್ಲಿಂದಲೋ ಬಂದು ಸೇರುವ ಸಮಾರಂಭವೊಂದಿತ್ತು. ಅಷ್ಟರೊಳಗೆ ವೆಬ್‌ಸೈಟು ಮಾಡಿ, ವಂಶವೃಕ್ಷ ಬಿಡಿಸಿಕೊಡಬೇಕಿತ್ತು.

ಆ ಕೈಬರಹ ಕಂಪ್ಯೂಟರಿಗೆ ಬಗ್ಗಲಿಲ್ಲ. ಇಂಗ್ಲಿಷ್ ಮನೆಮಾತಾಗಿದ್ದ ನಮ್ಮ ಆಫೀಸಿನವರಿಗೂ ಬಗ್ಗಲಿಲ್ಲ. ಕಾಗದ ಉಳಿಸಲೆಂದು ಉದ್ದಕ್ಕೆ ಬರೆದ ಹಾಳೆಯನ್ನೇ ತಿರುಗಿಸಿ ಅದರ ಮೇಲೆಯೇ ಅಡ್ಡಕ್ಕೆ ಬರೆದಿದ್ದರು. ನೋಡಿದರೆ ಬಿದಿರಿನ ತಟ್ಟಿ. ನನಗೆ ತಕ್ಷಣ ಆಂಟಿ ನೆನಪಾದರು. ಪೇರೆಂಟ್ ವೀಸಾದಲ್ಲಿ ಬಂದಿದ್ದ ಅವರಿಗೆ ಕೆಲಸ ಮಾಡಲು ಅಡ್ಡಿಯೇನೂ ಇರಲಿಲ್ಲ. ಎರಡು ಹಾಳೆ ಕಳಿಸಿದೆ. ಮರುದಿನವೇ ಟೈಪ್ ಮಾಡಿ ಕಳಿಸಿ, ಫೋನ್ ಮಾಡಿದರು.

"ಇದೇನು ಹೊಸದಲ್ಲ ಕಣೋ. ನಮ್ಮತ್ತೆ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಜಾಗ ಮುಗಿದ್ಮೇಲೆ ಅಂಚಿನ ಸುತ್ತ ಗಾಣ ತಿರುಗೋ ಹಾಗೆ ಬರೆಯೋರು. ಓದೋರು ಕಾಗದ ತಿರುಗಿಸ್ತಾ ತಿರುಗಿಸ್ತಾ ತಾವೇ ಒಂದು ಸುತ್ತು ಬರ್ತಿದ್ರು."

ಹೀಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಆಂಟಿ ಮತ್ತೆ ಕೆಲಸಕ್ಕೆ ಸೇರಿದರು. ನಾನು ಒಮ್ಮೆ ಮೆಲ್ಬರ್ನಿಗೆ ಹೋದಾಗ ಅವರ ಕಚೇರಿಯನ್ನು ನೋಡಿದೆ. ಕಿಟಕಿಯ ಬಳಿ ಊಟದ ಮೇಜಿನ ಒಂದು ಮೂಲೆ, ಲ್ಯಾಪ್‌ಟಾಪು, ಪಕ್ಕದಲ್ಲಿ ಭೂತಗನ್ನಡಿ. ಪರದೆಯ ಮೇಲಿನ ಚಿತ್ರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು ಎಂದು ಹೇಳಿಕೊಟ್ಟರೂ ಅವರು ಭೂತಗನ್ನಡಿಯನ್ನೇ ಪರದೆಗೆ ಹಿಡಿಯುತ್ತಿದ್ದರು. ಮೊಮ್ಮಗಳು "ಅಜ್ಜಿ, ಜಸ್ಟ್ ಝೂಮ್ ಇನ್!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ವಾಪಸ್ ಹೊರಟಾಗ ಸ್ಟೇಷನ್ನಿನವರೆಗೂ ಬಂದರು. ಗ್ಲೆನ್ ವೇವರ್ಲಿ ಆ ಲೈನಿನ ಕೊನೆಯ ಸ್ಟೇಷನ್ನು. "ಇದೊಂದು ಅನುಕೂಲ ನೋಡು," ಎಂದರು. "ಸಿಟಿಗೆ ಒಬ್ಳೇ ಹೋಗ್ಬರ್ತೀನಿ. ವಾಪಸ್ ಬರ್ತಾ ಟ್ರೈನಲ್ಲಿ ತೂಕಡಿಸಿದ್ರೂ ಊರು ತಪ್ಪಿ ಹೋಗಲ್ಲ."

ಅವರು ಬದಲಾದದ್ದು ಒಂದು ಪತ್ರದಿಂದ. ಆ ತೋಟದ ಯಜಮಾನಿ ತಂಗಿಗೆ ಬರೆದದ್ದು. ಮಗಳ ಗೌನಿಗೆ ತರಿಸಿದ ರೇಷ್ಮೆ, ಮನೆಯಲ್ಲಿ ಎಲ್ಲರಿಗೂ ಬಂದುಹೋದ ಜ್ವರ, ಚಳಿ. ನಡುವೆ ಒಂದು ಸಾಲು. ಹಬ್ಬಕ್ಕೆ ಅಣ್ಣನಿಗೆ ಉಡುಗೊರೆಯಾಗಿ ಹೆಸ್ಟರಳ ಮಗ ಪ್ರಿನ್ಸನನ್ನು ಕೊಟ್ಟೆವು, ಅಂದಿನಿಂದ ಹೆಸ್ಟರ್ ಮುಖ ಊದಿಸಿಕೊಂಡಿದ್ದಾಳೆ, ಕೆಲಸದಲ್ಲಿ ಶ್ರದ್ಧೆಯಿಲ್ಲ. ಆಮೇಲೆ ಮತ್ತೆ ರೇಷ್ಮೆಯ ವಿಷಯ.

ಆಂಟಿ ಅದನ್ನು ಫೋನಿನಲ್ಲಿ ನನಗೆ ಓದಿ ಹೇಳಿದರು. "ಮಗೂನ ಕೊಟ್ಟುಬಿಟ್ಟು, ಮುಖ ಊದಿಸ್ಕೊಂಡಿದಾಳೆ ಅಂತಾಳಲ್ಲೋ. ಎಷ್ಟು ಮುದ್ದಾದ ಅಕ್ಷರ ಗೊತ್ತಾ ಇವಳದು? ಒಂದು ಚೂರೂ ನಡುಗಿಲ್ಲ. ನಾನು ಗಾಳೀಲಿ ಬರೆದು ನೋಡ್ದೆ, ಎಲ್ಲೂ ಕೈ ನಿಂತಿಲ್ಲ."

ನಾನು "ಆ ಕಾಲ ಹಾಗಿತ್ತು ಆಂಟಿ" ಎಂದೆ.

"ನಮ್ಮನೆ ಹಿತ್ತಲಿಗೆ ಒಬ್ಳು ಬರ್ತಿದ್ಲು," ಎಂದರು ಆಂಟಿ. "ಕೊಟ್ಟಿಗೆ ಬಳಿಯೋಕೆ. ಕುಡಿಯೋಕೆ ನೀರು ಕೇಳಿದ್ರೆ ಬೊಗಸೆಗೆ ಎತ್ತರದಿಂದ ಹುಯ್ಯೋದು. ನಾನೇ ಹುಯ್ದಿದೀನಿ, ಫ್ರಾಕು ಹಾಕ್ಕೊಂಡು. ಹನ್ನೆರಡು ವರ್ಷ ಬಂದ್ಲು. ಅವಳ ಹೆಸರು ನಂಗೊತ್ತಿಲ್ಲ ಕಣೋ. ಯಾರೂ ಕರೀತಿರ್ಲಿಲ್ಲ, 'ಬಂದ್ಲಾ' ಅಂತ ಕೇಳೋರು ಅಷ್ಟೆ. ಈಗ ಕೇಳೋಣ ಅಂದ್ರೆ ಗೊತ್ತಿರೋರು ಯಾರೂ ಉಳಿದಿಲ್ಲ. ಈ ಹೆಂಗಸಿನ ಕಾಗದದಲ್ಲಿ ಹೆಸರಾದ್ರೂ ಇದೆ. ಅದನ್ನ ನಾನು ಬಿಡಲ್ಲ."

ಅಂದಿನಿಂದ ಅವರು ಕಣ್ಣು ಅರ್ಧ ಮುಚ್ಚಿ ಓದುವುದನ್ನು ಬಿಟ್ಟರು. ಪತ್ರಗಳಲ್ಲಿ ಎಲ್ಲೆಲ್ಲಿ ಗುಲಾಮರ ಹೆಸರು ಬಂದಿದೆಯೋ ಅಷ್ಟನ್ನೂ ಹೆಕ್ಕತೊಡಗಿದರು. ಹೆಸ್ಟರ್, ಪ್ರಿನ್ಸ್, ಜೂನೋ, ಮುದುಕ ಸೀಸರ್, ಅಡುಗೆಯ ಫೀಬಿ, ಫೀಬಿಯ ಅವಳಿ ಹೆಣ್ಣುಮಕ್ಕಳು. ಯಾರು ಯಾರ ತಾಯಿ, ಯಾರು ಯಾವ ಪತ್ರದ ನಂತರ ಕಾಣಿಸುವುದಿಲ್ಲ, ಎಲ್ಲ ಟಿಪ್ಪಣಿ. ಕುಟುಂಬದವರು ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿಯೇ ತೊಡಕು ಶುರುವಾದದ್ದು. ನಮ್ಮ ಸಾಫ್ಟ್‌ವೇರಿನಲ್ಲಿ ಪ್ರತಿ ವ್ಯಕ್ತಿಗೂ ಎರಡು ಖಾನೆ, ಹೆಸರು ಮತ್ತು ಸರ್‌ನೇಮ್. ಎರಡನ್ನೂ ತುಂಬಲೇಬೇಕು. ಖಾಲಿ ಬಿಟ್ಟರೆ ಖಾನೆ ಕೆಂಪಾಗಿ, ಆ ವ್ಯಕ್ತಿ ವೆಬ್‌ಸೈಟಿಗೆ ಹೋಗುವುದೇ ಇಲ್ಲ. ಹೆಸ್ಟರಳಿಗೆ ಸರ್‌ನೇಮ್ ಎಲ್ಲಿಂದ ತರುವುದು?

ಈ ಕಷ್ಟ ನಮ್ಮವರಿಗೆ ಹೊಸದಲ್ಲ. ನನಗೆ ಊರಿನಲ್ಲಿ ಇದ್ದದ್ದು ಒಂದು ಹೆಸರು, ಅದರ ಹಿಂದೆ ಎರಡು ಇನಿಷಿಯಲ್ಲು. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟನು "ಏನಾದ್ರೂ ಒಂದು ಹಾಕ್ಬಿಡಿ ಸಾರ್" ಎಂದು ಊರಿನ ಹೆಸರನ್ನೇ ಸರ್‌ನೇಮ್ ಮಾಡಿದ. ಆಫೀಸಿನ ದಾಖಲೆಯಲ್ಲೆಲ್ಲ ನಾನು ನಮ್ಮೂರು. ಊರಿಗೆ ನನ್ನಿಂದಾದ ಉಪಕಾರ ಅದೊಂದೇ. ಆಂಟಿಯದು ಇನ್ನೂ ಮಜವಾಗಿತ್ತು. ಅವರಿಗೂ ಸರ್‌ನೇಮ್ ಇಲ್ಲದ್ದರಿಂದ ಇಲ್ಲಿನ ಬ್ಯಾಂಕಿನವರು ಎರಡೂ ಖಾನೆಗೆ ಅದೇ ಹೆಸರನ್ನು ತುಂಬಿದ್ದರು. "ಎರಡೆರಡು ಸಲ ಕರೀತಾರೆ ಕಣೋ, ನಾನು ಕಿವುಡಿ ಅನ್ಕೊಂಡಿರ್ಬೇಕು" ಎಂದು ನಗುತ್ತಿದ್ದರು.

ಹಾಗಾಗಿ ನನಗೆ ಹೊಳೆದದ್ದು ನಮ್ಮವರಿಗೆ ಮಾತ್ರ ಹೊಳೆಯಬಹುದಾದ ಉಪಾಯ. "ಆಂಟಿ, ಏನಾದ್ರೂ ಒಂದು ಹಾಕ್ಬಿಡಿ. ತೋಟದ ಯಜಮಾನ್ರ ಸರ್‌ನೇಮ್ ಇದ್ಯಲ್ಲ, ಎಲ್ಲರಿಗೂ ಅದನ್ನೇ ಹಾಕಿ. ಫಾರ್ಮ್ ಪಾಸ್ ಆದ್ರೆ ಸಾಕು."

"ಅದಾಗಲ್ಲ" ಎಂದರು. ಅವರು ನನಗೆ ಆಗಲ್ಲ ಎಂದದ್ದು ಅದೊಂದೇ ಸಲ. "ನಿನ್ನ ಮೇಲೆ ನಿಮ್ಮೂರ ಹೆಸರು ಹಾಕಿದ್ರು, ಅದು ನಿನ್ನೂರೇ. ಇವರ ಮೇಲೆ ಇವರನ್ನ ಇಟ್ಕೊಂಡಿದ್ದೋನ ಹೆಸರು ಹಾಕಿದ್ರೆ, ಸತ್ತ ಮೇಲೂ ಇವರು ಅವನ ಮನೆ ಸಾಮಾನೇ ಆದ್ರಲ್ಲೋ. ಕೆಲವರು ಆಮೇಲೆ ತಾವಾಗೇ ಆ ಹೆಸರು ಇಟ್ಕೊಂಡಿರಬಹುದು, ಅದು ಅವರಿಷ್ಟ. ನಾನು ಇಡೋದಾ? ಕೆಂಪಾಗಿದ್ರೆ ಇರ್ಲಿ ಬಿಡು. ನೀವೇ ಆ ಸಾಫ್ಟ್‌ವೇರ್ ಸರಿ ಮಾಡಿ."

"ಆಯ್ತು ಆಂಟಿ" ಎಂದೆ.

ಸರಿ ಮಾಡಿಸುವುದು ಅಸಾಧ್ಯವೇನಾಗಿರಲಿಲ್ಲ. ಮ್ಯಾನೇಜರನ್ನು ಕೇಳಬೇಕಿತ್ತು. ಕೇಳಿದರೆ, ಗಿರಾಕಿ ಕೇಳದ ಕೆಲಸ ಯಾಕೆ ಮಾಡಿಸಿದೆ ಎಂಬ ಪ್ರಶ್ನೆ ಬರುತ್ತಿತ್ತು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಆಗ ಕಂಪನಿಯ ಸ್ಪಾನ್ಸರ್‌ಶಿಪ್ಪಿನ ಮೇಲೆ ನೇತಾಡುತ್ತಿತ್ತು. ಕಂಪನಿ ಕೈಬಿಟ್ಟರೆ ಗಂಟುಮೂಟೆ ಕಟ್ಟಬೇಕು. ಅಷ್ಟೂ ಹೆಸರುಗಳನ್ನು ಬಿಟ್ಟುಬಿಡಬಹುದಿತ್ತು. ಆದರೆ ತುಂಬಿದ ಹೆಸರುಗಳ ಸಂಖ್ಯೆ ದೊಡ್ಡದಿದ್ದಷ್ಟೂ ನಮ್ಮ ಟೀಮಿನ ಕೆಲಸ ಚೆನ್ನಾಗಿ ಕಾಣುತ್ತಿತ್ತು. ಕೊಡಬೇಕಾದ ದಿನ ಸಂಜೆ, ಆಂಟಿಯ ಲಾಗಿನ್‌ನಲ್ಲಿಯೇ ಹೋಗಿ, ಕೆಂಪಾಗಿದ್ದ ಖಾನೆಗಳನ್ನೆಲ್ಲ ಒಟ್ಟಿಗೆ ಆರಿಸಿ, ಯಜಮಾನನ ಸರ್‌ನೇಮನ್ನು ಒಂದೇ ಏಟಿಗೆ ತುಂಬಿದೆ. ಅವರ ಪಾಸ್‌ವರ್ಡ್ ಮಾಡಿಕೊಟ್ಟವನು ನಾನೇ. ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯೆಲ್ಲ ಹಸಿರಾಯಿತು. ಬ್ಯಾಗು ಹೆಗಲಿಗೇರಿಸಿ ಟ್ರೈನು ಹಿಡಿದೆ.

ಒಂದೇ ಮನೆ, ಒಂದೇ ಸರ್‌ನೇಮ್ ಇದ್ದವರನ್ನೆಲ್ಲ ಸಾಫ್ಟ್‌ವೇರು ವಂಶವೃಕ್ಷದಲ್ಲಿ ತಾನೇ ಜೋಡಿಸುತ್ತದೆ. ಅದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಹೊಳೆಯಲಿಲ್ಲ ಎಂದು ಹೇಳಿಕೊಳ್ಳುತ್ತೇನೆ.

ಸಮಾರಂಭದ ದಿನ ಆ ಕುಟುಂಬದವರು ದೊಡ್ಡ ಪರದೆಯ ಮೇಲೆ ವಂಶವೃಕ್ಷವನ್ನು ತೆರೆದರಂತೆ. ಯಜಮಾನನ ಮಗಳಾಗಿ ಹೆಸ್ಟರ್, ಮೊಮ್ಮಗನಾಗಿ ಪ್ರಿನ್ಸ್, ಕೊಂಬೆಯ ತುಂಬ ಫೀಬಿಯ ಮಕ್ಕಳು. ಯಾರಿವರು ಎಂದು ಹಿರಿಯರೊಬ್ಬರು ಕೇಳಿದರು. ಯಾರೋ ಪ್ರಿನ್ಸನ ಹೆಸರನ್ನು ಒತ್ತಿದರು. ಆ ಪತ್ರ ತೆರೆದುಕೊಂಡಿತು, ಹಬ್ಬದ ಉಡುಗೊರೆ, ಊದಿದ ಮುಖ, ರೇಷ್ಮೆ, ಎಲ್ಲ. ನಮಗೆ ಅವಮಾನವಾಯಿತು, ಇದಕ್ಕೆ ಯಾರು ಹೊಣೆ ಎಂದು ನಮ್ಮ ಕಂಪನಿಗೆ ಈಮೇಲ್ ಬಂತು. ಅವರಿಗೆ ಅವಮಾನವಾದದ್ದು ಮಗುವನ್ನು ಉಡುಗೊರೆ ಕೊಟ್ಟದ್ದಕ್ಕೋ, ಆ ಮಗು ತಮ್ಮ ಮರದ ಕೊಂಬೆಯ ಮೇಲೆ ಬಂದು ಕೂತದ್ದಕ್ಕೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮ್ಯಾನೇಜರು ನನ್ನನ್ನು ಕರೆದು ಯಾರ ತಪ್ಪು ಎಂದರು. ನಾನು ಕೂತ ಕುರ್ಚಿಯ ಬಿಸಿ ಇನ್ನೂ ನೆನಪಿದೆ. "ಎಂಟ್ರಿ ಮಾಡಿದವರು ನಮ್ಮ ಮೆಲ್ಬರ್ನಿನ ಟ್ರಾನ್ಸ್‌ಕ್ರೈಬರ್. ವಯಸ್ಸಾದವರು. ಕಣ್ಣು ಸ್ವಲ್ಪ ಮಂಜು" ಎಂದೆ. ಆಂಟಿಯ ಕಣ್ಣು ನನ್ನದಕ್ಕಿಂತ ಚೆನ್ನಾಗಿತ್ತು. ಮ್ಯಾನೇಜರು, ಆ ಹೆಸರುಗಳನ್ನೆಲ್ಲ ತೆಗೆದುಹಾಕಿ, ಅವರ ಕೆಲಸವನ್ನೂ ನಿಲ್ಲಿಸಿ ಎಂದರು. ಎರಡನ್ನೂ ನಾನೇ ಮಾಡಿದೆ. ಹೆಸರುಗಳನ್ನು ಅಳಿಸಲು ಒಂದು ಬಟನ್ನು, ಟಿಪ್ಪಣಿಗಳೂ ಅವುಗಳ ಜೊತೆಗೇ ಹೋದವು. ಆಂಟಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಈಮೇಲು. ಕನ್ನಡದಲ್ಲಿ ಬರೆಯಲು ಕೈ ಬರಲಿಲ್ಲ.

ಅವರು ಫೋನ್ ಮಾಡಿದರು. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದೆ.

"ಸರ್‌ನೇಮ್ ನಾನೇ ತುಂಬಿಬಿಟ್ಟಿದೀನಂತಲ್ಲಪ್ಪ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹುಡುಕಾಟವಿತ್ತು. "ಕೆಂಪಾಗೇ ಬಿಟ್ಟಿದ್ದೆ ಅಂತ ನೆನಪು. ನಿಂಗೂ ಹೇಳಿದ್ನಲ್ಲ? ಹೇಳಿರ್ಲಿಲ್ವಾ?"

ಆಗ ನಾನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಕಂಪನಿಗೆ ಹೇಳದಿದ್ದರೂ ಅವರೊಬ್ಬರಿಗೆ ಹೇಳಬಹುದಿತ್ತು. ಅವರು ಯಾರಿಗೂ ಹೇಳುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ನಿಮ್ಮ ಲಾಗಿನ್‌ನಲ್ಲೇ ಆಗಿದೆ ಆಂಟಿ," ಎಂದೆ. "ಇರ್ಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ. ವಯಸ್ಸಾದ್ಮೇಲೆ ಹೀಗೆಲ್ಲ ಆಗತ್ತೆ."

"ಹೌದಾ," ಎಂದರು. "ಇರಬಹುದು." ನನ್ನಿಂದ ನಿಮ್ಮ ಕಂಪನಿಗೆ ತೊಂದರೆಯಾಯಿತಲ್ಲ ಎಂದು ಕ್ಷಮೆಯನ್ನೂ ಕೇಳಿದರು. ನಾನು "ಪರವಾಗಿಲ್ಲ" ಎಂದೆ. ಆ 'ಪರವಾಗಿಲ್ಲ' ಈಗಲೂ ಹಲ್ಲುಜ್ಜುವಾಗ, ಟ್ರೈನಿಗೆ ಕಾಯುವಾಗ ಕಿವಿಗೆ ಬಿದ್ದು ಮೈ ಹಿಂಡುತ್ತದೆ.

ಮುಂದಿನ ವರ್ಷ ನನ್ನ ಪಿಆರ್ ಬಂತು. ಯಾರಿಂದಲೋ ತಿಳಿದು ಅವರು ಮೆಸೇಜ್ ಮಾಡಿದ್ದರು, "ಸಂತೋಷವಾಯಿತು, ನಿಮ್ಮಮ್ಮನಿಗೆ ಹೇಳಿದೆಯಾ?" ಎಂದು. ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ. ಮಾತು ಬೆಳೆದರೆ ಎಲ್ಲಿ ಅಲ್ಲಿಗೆ ಬಂದೀತೋ ಎಂಬ ಭಯ. ಆಮೇಲೆ ಅವರೂ ಬರೆಯಲಿಲ್ಲ. ಇನ್ನೊಂದು ವರ್ಷದ ಮೇಲೆ ಬಂದದ್ದು ಅವರ ಮಗಳ ಮೆಸೇಜು, ವೈಕುಂಠ ಸಮಾರಾಧನೆಗೆ ಕರೆದು.

ಹೋಗದೆ ತಪ್ಪಿಸಿಕೊಳ್ಳಲು ನಾನು ಹುಡುಕಿದ ನೆಪಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಹೋದೆ. ಮನೆಯ ತುಂಬ ಜನ, ಬಾಡಿಗೆಗೆ ತಂದ ಕುರ್ಚಿಗಳು, ಗ್ಯಾರೇಜಿನಲ್ಲಿ ಅಡುಗೆ. ಪುರೋಹಿತರು ಬೇಗ ಮುಗಿಸಿ ಇನ್ನೊಂದು ಸಬರ್ಬಿಗೆ ಹೋಗುವವರಿದ್ದರು. ಫೋಟೋದಲ್ಲಿ ಆಂಟಿ ಅದೇ ಜಾಕೆಟ್ ತೊಟ್ಟಿದ್ದರು.

ಮಗಳು ನನ್ನನ್ನು ಒಳಗಿನ ಕೋಣೆಗೆ ಕರೆದಳು. ನನಗಿಂತ ಐದಾರು ವರ್ಷ ದೊಡ್ಡವಳು, ಆಸ್ಪತ್ರೆಯೊಂದರಲ್ಲಿ ಕೆಲಸ. "ನೀವು ಬಂದಿದ್ದು ಒಳ್ಳೇದಾಯ್ತು. ನಿಮ್ಮತ್ರ ಒಂದು ವಿಷ್ಯ ಕೇಳ್ಬೇಕಿತ್ತು," ಎಂದಳು. "ಆ ಜಾಬ್‌ನಲ್ಲಿ ಮಿಸ್ಟೇಕ್ ಆಯ್ತಲ್ಲ, ಅದಾದ್ಮೇಲೆ ಅಮ್ಮ ಪೂರ್ತಿ ಚೇಂಜ್ ಆಗ್ಬಿಟ್ರು. ಮೊದ್ಲು ಕಣ್ಣು ಟೆಸ್ಟ್ ಮಾಡ್ಸು ಅಂದ್ರು. ಕಣ್ಣು ಪರ್ಫೆಕ್ಟ್. ಹಾಗಾದ್ರೆ ತಲೇನೇ ಸರಿ ಇಲ್ಲ, ನಂಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂತ ಕೂತ್ರು. ಮೆಮರಿ ಕ್ಲಿನಿಕ್‌ಗೆ ಎರಡು ಸಲ ಕರ್ಕೊಂಡ್ಹೋದೆ. ಏನೂ ಇಲ್ಲ ಅಂದ್ರು ಡಾಕ್ಟರು. ಅಮ್ಮ ನಂಬ್ಲೇ ಇಲ್ಲ. 'ನಾನು ಮಾಡಿದ್ದು ನಂಗೇ ನೆನಪಿಲ್ಲ ಅಂದ್ಮೇಲೆ ಅವರಿಗೇನು ಗೊತ್ತು' ಅನ್ನೋರು. ಟ್ರೈನ್ ಹತ್ತೋದು ಬಿಟ್ರು. ಸ್ಟವ್ ಹಚ್ಚೋದು ಬಿಟ್ರು. ಮಗಳನ್ನ ಸ್ಕೂಲಿಂದ ಕರ್ಕೊಂಡ್ಬರೋದೂ ಬೇಡ, ದಾರೀಲಿ ಮರೆತು ಬಿಟ್ಬಿಟ್ರೆ ಅಂತ."



ಅವಳು ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿತ್ತಳು. "ದಿನಾ ಬೆಳಿಗ್ಗೆ ಕಾಫಿ ಕುಡಿಯೋಕ್ ಮುಂಚೆ ಇದನ್ನ ಬರೆಯೋರು. ಕೇಳಿದ್ರೆ, ತಲೆ ಸರಿ ಇದ್ಯಾ ನೋಡ್ಕೊಳ್ತಿದೀನಿ ಅನ್ನೋರು. ಈ ಹೆಸರುಗಳು ಯಾರದು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ನಿಮಗೇನಾದ್ರೂ ಗೊತ್ತಾ?"

ಮೊದಲ ಪುಟ ತೆರೆದೆ. ಅಂಚೆ ಕಚೇರಿಯ ಆ ದುಂಡು ಅಕ್ಷರದಲ್ಲಿ, ಕನ್ನಡದಲ್ಲಿ, ಒಂದರ ಕೆಳಗೊಂದು: ಹೆಸ್ಟರ್. ಹೆಸ್ಟರ್ ಮಗ ಪ್ರಿನ್ಸ್. ಜೂನೋ. ಮುದುಕ ಸೀಸರ್. ಅಡುಗೆ ಫೀಬಿ, ಅವಳಿ ಹೆಣ್ಣುಮಕ್ಕಳು. ಪುಟ ತಿರುಗಿಸಿದೆ, ಮತ್ತೆ ಅದೇ ಪಟ್ಟಿ. ಇನ್ನೊಂದು ಪುಟ, ಅದೇ. ಒಂದು ಹೆಸರೂ ಬಿಟ್ಟಿರಲಿಲ್ಲ, ಒಂದೂ ಹೆಚ್ಚಿರಲಿಲ್ಲ. ಯಾರ ಮುಂದೆಯೂ ಸರ್‌ನೇಮ್ ಇರಲಿಲ್ಲ. ನಾನು ಬಟನ್ ಒತ್ತಿ ಅಳಿಸಿದ್ದನ್ನು ಅವರು ಎರಡು ವರ್ಷ ಪ್ರತಿ ಬೆಳಿಗ್ಗೆ ಬರೆದಿದ್ದರು, ತನಗೆ ಹುಚ್ಚು ಹಿಡಿದಿಲ್ಲವೆಂದು ತನಗೇ ತೋರಿಸಿಕೊಳ್ಳಲು.

ಹೇಳಿದೆ. ಕೆಂಪು ಖಾನೆ, ಅವರು ಆಗಲ್ಲ ಎಂದದ್ದು, ಆ ಸಂಜೆ, ಅವರ ಲಾಗಿನ್ನು, ಮ್ಯಾನೇಜರಿನ ಮುಂದೆ ಆಡಿದ್ದು, ಫೋನಿನಲ್ಲಿ ಆಡಿದ್ದು. ಹೊರಗೆ ಪಾತ್ರೆಗಳ ಸದ್ದಾಗುತ್ತಿತ್ತು. "ತಪ್ಪು ಅವರದಲ್ಲ. ಅವರು ಯಾವತ್ತೂ ಏನನ್ನೂ ಮರೆತಿರಲಿಲ್ಲ" ಎಂದೆ. ಕ್ಷಮಿಸಿ ಎಂಬ ಮಾತು ನಾಲಿಗೆಯವರೆಗೆ ಬಂತು. ಕೇಳಬೇಕಾದವರು ಫೋಟೋದಲ್ಲಿದ್ದರು.

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಹೆಸರುಗಳನ್ನು ಬರೆದುಕೊಳ್ಳಲೇ, ಮತ್ತೆ ಸೇರಿಸಲು ಪ್ರಯತ್ನಿಸುತ್ತೇನೆ ಎಂದು ಕೇಳಿದೆ. ಅವಳು ನನ್ನ ಕೈಯಿಂದ ನೋಟ್‌ಬುಕ್ಕನ್ನು ತೆಗೆದುಕೊಂಡು ಮುಚ್ಚಿ ಕಪಾಟಿನಲ್ಲಿಟ್ಟಳು. ಕಪಾಟಿನ ಕಡೆಗೇ ಮುಖ ಮಾಡಿ ನಿಂತಳು.

"ಕೊನೇ ವಾರ ಆಸ್ಪತ್ರೇಲಿ," ಎಂದಳು ಆಮೇಲೆ, "ನನ್ನನ್ನ ಹೆಸರು ಹಿಡಿದು ಕರೆಯೋರು. ಕರೆದು, ಪ್ರತೀ ಸಲಾನೂ ಕೇಳೋರು. 'ಸರಿಯಾಗಿ ಹೇಳಿದ್ನೇನೇ?' ಅಂತ."

ಯಾರೋ ಬಾಗಿಲಲ್ಲಿ ಇಣುಕಿ ಎಲೆ ಹಾಕಿದ್ದಾಯಿತು ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬನ್ನಿ, ಊಟಕ್ಕೆ ಏಳಿ," ಎಂದಳು. "ಇವತ್ತು ಮನೆಗೆ ಬಂದೋರನ್ನ ಉಪವಾಸ ಕಳಿಸಬಾರದು."

ಹೋಗಿ ಕೂತೆ. ಅವಳೇ ಬಡಿಸಿದಳು. ಉಂಡೆ.